ಬರೆದವರು ಇನ್ನೂ ಬದುಕಿದ್ದಾರೆ

ನಾನು ಒಂದು ಪುಸ್ತಕ. ದಿಂಬಿನ ಪಕ್ಕದಲ್ಲಿಟ್ಟುಕೊಂಡು ಓದುವಂಥದ್ದಲ್ಲ, ದಿಂಬಿನ ಬದಲಿಗೇ ಇಟ್ಟುಕೊಳ್ಳುವಷ್ಟು ದಪ್ಪದ್ದು. ಸಂವಿಧಾನದ ಮೇಲೆ ಬರೆದ ವ್ಯಾಖ್ಯಾನ, ಮೊದಲನೇ ಆವೃತ್ತಿ. ನನ್ನೊಳಗಿರುವುದೆಲ್ಲ ಇಂಗ್ಲಿಷು. ಆದರೆ ನನ್ನನ್ನು ಹುಟ್ಟಿಸಿದವರು, ಹೊತ್ತು ತಿರುಗಿದವರು, ಕೊನೆಗೆ ಕೈಬಿಟ್ಟವರು ಎಲ್ಲ ಕನ್ನಡದವರೇ. ಅದಕ್ಕೇ ನನ್ನ ಸಂಕಟವನ್ನು ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ.

ಹುಟ್ಟಿದ್ದು ಮೈಸೂರಿನ ಒಂದು ಅಚ್ಚುಕೂಟದಲ್ಲಿ. ಬರೆದವರು ಕಾನೂನು ಕಾಲೇಜಿನ ಮೇಷ್ಟ್ರು ಸೀತಾಪತಿರಾಯರು. ನನ್ನ ಇನ್ನೂರ ಹನ್ನೆರಡನೇ ಪುಟ ಎರಡು ಸಾಲು ಹೆಚ್ಚಾಗಿ ಮುಂದಿನ ಪುಟಕ್ಕೆ ಹರಿಯುತ್ತಿತ್ತು. ಅಚ್ಚಿನ ಮೊಳೆ ಜೋಡಿಸುವವರು ಆ ಎರಡು ಸಾಲು ತೆಗೆದುಬಿಡಿ ಮೇಷ್ಟ್ರೇ, ಪುಟ ಚೆನ್ನಾಗಿ ಕೂರುತ್ತದೆ ಎಂದರು. ರಾಯರು ಕೆಂಡವಾದರು. ಆ ಎರಡು ಸಾಲಿಗಾಗಿಯೇ ಉಳಿದ ಎಂಟುನೂರು ಪುಟ ಬರೆದದ್ದು ಎಂದರು. ನಾನು ಆಗಿನ್ನೂ ಹಸಿ ಶಾಯಿ. ಇಂಥ ತಂದೆಗೆ ಹುಟ್ಟಿದೆನಲ್ಲ ಎಂದು ಉಬ್ಬಿಹೋದೆ.

ಸಾಲುಗಳು ಇಷ್ಟೇ: ‘ಕಳಂಕ ಹಚ್ಚಿ ಯಾರನ್ನಾದರೂ ಕೆಲಸದಿಂದ ತೆಗೆಯುವ ಮೊದಲು ಅವರ ಮಾತನ್ನು ಕೇಳಲೇಬೇಕು. ಅವರು ದಿನಗೂಲಿಯವರಾದರೂ ಸರಿ.’

ರಾಯರು ನನ್ನ ಮೊದಲ ಹಾಳೆಯಲ್ಲಿ ‘ಹೆದರದೆ ವಾದಿಸು’ ಎಂದು ಬರೆದು, ಸಹಿ ಹಾಕಿ, ತಮ್ಮ ಮೆಚ್ಚಿನ ಶಿಷ್ಯ ತಿಪ್ಪೇರುದ್ರಪ್ಪನ ಕೈಗೆ ಕೊಟ್ಟರು. ಚಿತ್ರದುರ್ಗದ ಕಡೆಯ ಹುಡುಗ, ಹೈಕೋರ್ಟಿನಲ್ಲಿ ಆಗಷ್ಟೇ ಕರಿಕೋಟು ತೊಟ್ಟಿದ್ದ. ಅವನ ಕಚೇರಿಯಲ್ಲಿ ದೇವರ ಪಟಕ್ಕೆ ಮೊಳೆ ಹೊಡೆಯುವ ಮೊದಲು ನನಗೆ ಕಪಾಟಿನಲ್ಲಿ ಜಾಗವಾಯಿತು.

ಹತ್ತು ವರ್ಷ ಕಳೆದ ಮೇಲೆ ದುರುಗಮ್ಮ ಬಂದಳು. ಹಿರಿಯೂರಿನ ಕಡೆಯವಳು, ಮಕ್ಕಳ ಹಾಸ್ಟೆಲೊಂದರಲ್ಲಿ ಹನ್ನೊಂದು ವರ್ಷ ದಿನಗೂಲಿಯ ಮೇಲೆ ಅಡುಗೆ ಮಾಡಿದವಳು. ಮಕ್ಕಳ ಅಕ್ಕಿ ಕದ್ದಿದ್ದಾಳೆಂದು ಒಂದೇ ಸಾಲಿನ ಆದೇಶ ಕೊಟ್ಟು ಅವಳನ್ನು ಮನೆಗೆ ಕಳಿಸಿದ್ದರು. ಕೆಲಸ ಹೋದದ್ದಕ್ಕಿಂತ ಹೆಸರು ಹೋದದ್ದು ಅವಳನ್ನು ಸುಡುತ್ತಿತ್ತು. ಊರಿನ ಯಾವ ಮದುವೆಯಾದರೂ ಅವಳೇ ಒಲೆಯ ಮುಂದೆ ನಿಲ್ಲಬೇಕಿತ್ತು. ಈಗ ತಂಗಿಯ ಮಗಳ ಮದುವೆಯಲ್ಲೂ ಅವಳ ಕೈಯಿಂದ ಸೌಟು ಕಿತ್ತುಕೊಂಡು, ನೀನು ಹೊರಗೆ ಕೂತ್ಕಾ ಅಂದಿದ್ದರಂತೆ.

ವಕೀಲ ಎಲ್ಲವನ್ನೂ ಕೇಳಿದ. ಆದೇಶದ ತಾರೀಖು ಯಾವುದು, ಸಹಿ ಯಾರದು, ಎಷ್ಟು ವರ್ಷದ ಸೇವೆ. ದುರುಗಮ್ಮ ಸೆರಗು ಸರಿಮಾಡಿಕೊಂಡು, “ಅವತ್ತು ಏನಾತು ಅಂದ್ರೆ ಸಾಮಿ...” ಎಂದು ಶುರು ಮಾಡಿದಳು.

ಅವನು ಕೈ ಅಡ್ಡ ಹಿಡಿದ. “ಅದು ಬೇಡಮ್ಮ. ಅಕ್ಕಿ ಏನಾಯ್ತು ಅನ್ನೋದು ನಮಗೆ ಸಂಬಂಧ ಇಲ್ಲ. ನಿನ್ನನ್ನ ಕೇಳಲಿಲ್ಲ ಅನ್ನೋದೇ ನಮ್ಮ ಕೇಸು.”

ನನಗೂ ಅದು ಸರಿಯೆಂದೇ ಕಂಡಿತು. ಎಂಥ ಕಾನೂನು ಪುಸ್ತಕ ನಾನು! ಅವನು ನನ್ನನ್ನು ಬಿಚ್ಚಿ ಆ ಎರಡು ಸಾಲನ್ನು ಕನ್ನಡದಲ್ಲಿ ಹೇಳಿದ. ಅವಳು ಪುಟವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಇದನ್ನು ಬರೆದ ಪುಣ್ಯಾತ್ಮರು ಯಾರು ಎಂದು ಕೇಳಿದಳು. ನಮ್ಮ ಮೇಷ್ಟ್ರು ಎಂದ, ಎದೆಯುಬ್ಬಿಸಿ.

ಆ ವೇಳೆಗೆ ಮೇಷ್ಟ್ರು ಮೇಷ್ಟ್ರಾಗಿ ಉಳಿದಿರಲಿಲ್ಲ. ಕಾಲೇಜು ಬಿಟ್ಟು ಸರ್ಕಾರದ ದೊಡ್ಡ ವಕೀಲರಾಗಿದ್ದರು. ದುರುಗಮ್ಮನ ರಿಟ್ ಅರ್ಜಿ ವಿಚಾರಣೆಗೆ ಬಂದ ದಿನ ಎದುರುಪಕ್ಷವಾದ ಸರ್ಕಾರದ ಪರ ಎದ್ದು ನಿಂತವರು ಅವರೇ. ತಿಪ್ಪೇರುದ್ರಪ್ಪನಿಗೆ ಒಳಗೊಳಗೇ ಖುಷಿ. ಮೇಷ್ಟ್ರು ತಮ್ಮ ಮಾತನ್ನು ತಾವೇ ಹೇಗೆ ಅಲ್ಲಗಳೆದಾರು? ಇನ್ನೂರ ಹನ್ನೆರಡರಲ್ಲಿ ಹಳದಿ ಚೀಟಿ ಇಟ್ಟು, ಪೀಠದ ಕೆಳಗೆ ಕೂತ ಗುಮಾಸ್ತರ ಕೈಗೆ ನನ್ನನ್ನು ಕೊಟ್ಟ. ಅವರು ಮೇಲಕ್ಕೆ ದಾಟಿಸಿದರು.

ನ್ಯಾಯಮೂರ್ತಿಗಳು ಓದಿದರು, ನಕ್ಕರು, ಇದು ನಿಮ್ಮದೇ ಪುಸ್ತಕವಲ್ಲವೇ ಎಂದು ರಾಯರನ್ನು ಕೇಳಿದರು.

ಕೋರ್ಟುಗಳಲ್ಲಿ ಒಂದು ಹಳೇ ಸಂಪ್ರದಾಯವಿದೆ. ಬದುಕಿರುವ ಲೇಖಕನ ಪುಸ್ತಕವನ್ನು ಆಧಾರವೆಂದು ಒಪ್ಪುವುದಿಲ್ಲ. ಬದುಕಿರುವವನು ಮನಸ್ಸು ಬದಲಾಯಿಸಬಹುದು, ಸತ್ತವನು ಬದಲಾಯಿಸಲಾರ ಎಂಬ ಲೆಕ್ಕ. ಎಲ್ಲರೂ ಅದನ್ನು ಅಷ್ಟು ಬಿಗಿಯಾಗಿ ಪಾಲಿಸುವುದಿಲ್ಲ. ರಾಯರು ಅವತ್ತು ಪಾಲಿಸಿದರು.

“ಬರೆದವರು ಇನ್ನೂ ಬದುಕಿದ್ದಾರೆ, ಮೈಲಾರ್ಡ್,” ಎಂದರು ತಲೆಬಾಗಿ.

ಇಡೀ ಕೋರ್ಟು ನಕ್ಕಿತು. ನಗು ನಿಂತ ಮೇಲೆ ಅವರು ಎರಡನೇ ಆವೃತ್ತಿಯನ್ನು ತೆಗೆದು, ಆ ಸಾಲುಗಳನ್ನು ಲೇಖಕರೇ ಕೈಬಿಟ್ಟಿದ್ದಾರೆಂದು ತೋರಿಸಿದರು. ಈ ಸಲ ಪುಟ ಚೆನ್ನಾಗಿ ಕೂತಿತ್ತು. ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ! ಗುರುಗಳ ಸಹಿಯ ಮೇಲಿನ ಪ್ರೀತಿಗೆ ನನ್ನನ್ನೇ ಹಿಡಿದುಕೊಂಡಿದ್ದ ತಿಪ್ಪೇರುದ್ರಪ್ಪ ಹೊಸ ಆವೃತ್ತಿಯನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ಅರ್ಜಿ ವಜಾ ಆಯಿತು.

ಹೊರಗೆ ಮೆಟ್ಟಿಲ ಹತ್ತಿರ ದುರುಗಮ್ಮ ಕಾದು ನಿಂತಿದ್ದಳು. “ಯಾಕೆ ಸಾಮಿ ಎಲ್ರೂ ನಕ್ಕಿದ್ದು?”

ಅವನು ನನ್ನನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

“ಆ ಮಾತು ಬರ್ದೋರು ಅವ್ರೇ ಅಲ್ವಾ?”

“ಹೌದಮ್ಮ.”

“ಅವ್ರ ಮಾತು ಅವ್ರಿಗೇ ಬ್ಯಾಡಾತಾ?” ಎಂದು ನನ್ನ ಕಡೆ ನೋಡಿದಳು. ಕೆಂಪು ರಟ್ಟಿನವನು ನಾನು, ಅವತ್ತು ನಾಚಿಕೆಯಿಂದ ಇನ್ನಷ್ಟು ಕೆಂಪಾಗಿರಬೇಕು.

ಆಮೇಲೆ ಇಪ್ಪತ್ತೆಂಟು ವರ್ಷ ನನ್ನನ್ನು ಯಾರೂ ಬಿಚ್ಚಲಿಲ್ಲ. ಹಳದಿ ಚೀಟಿ ಒಳಗೇ ಉಳಿದು ಪುಟಕ್ಕೆ ಕಲೆ ಬಿಟ್ಟಿತು. ರಾಯರು ಬಿರುದು, ಶಾಲು, ಹಾರ ಎಲ್ಲವನ್ನೂ ಪಡೆದು, ತುಂಬು ವಯಸ್ಸಿನಲ್ಲಿ ತೀರಿಕೊಂಡರು. ಅದೇ ಕೋರ್ಟಿನಲ್ಲಿ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು.

ಮರುವರ್ಷ ಒಬ್ಬ ಯುವ ವಕೀಲೆ ಬಂದು ಮೊದಲನೇ ಆವೃತ್ತಿ ಇದೆಯೇ ಸರ್ ಎಂದು ಕೇಳಿ, ನನ್ನನ್ನು ಒಯ್ದಳು. ಇನ್ನಾವುದೋ ದಿನಗೂಲಿಯವರ ಕೇಸು. ಅದೇ ಪುಟ ತೆರೆದರು, ಅದೇ ಸಾಲು ಓದಿದರು. ಈ ಸಲ ಯಾರೂ ನಗಲಿಲ್ಲ, ಎರಡನೇ ಆವೃತ್ತಿಯನ್ನೂ ತೆಗೆಯಲಿಲ್ಲ. ಬರೆದವರು ಸತ್ತಿದ್ದರಲ್ಲ! ತೀರ್ಪಿನಲ್ಲಿ ದಿವಂಗತ ಸೀತಾಪತಿರಾಯರ ದೂರದೃಷ್ಟಿಯನ್ನು ಕೊಂಡಾಡಿದರು. ತಾವೇ ಅಳಿಸಿಹಾಕಿದ ಎರಡು ಸಾಲಿನಿಂದ ಅವರು ಅಮರರಾದರು. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ತೀರ್ಪು ಓದಿದ ತಿಪ್ಪೇರುದ್ರಪ್ಪನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ವಕೀಲೆಯಿಂದ ವಾಪಸು ಬಂದಿದ್ದ ನನ್ನನ್ನು ಚೀಲಕ್ಕೆ ಹಾಕಿಕೊಂಡು ಹಿರಿಯೂರಿನ ಬಸ್ಸು ಹತ್ತಿದ. ದುರುಗಮ್ಮ ಹೊಸಿಲ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು, ಕಣ್ಣು ಮಂಜಾಗಿತ್ತು. ಅವನು ನನ್ನನ್ನು ಬಿಚ್ಚಿ, ಇನ್ನು ಮುಂದೆ ದಿನಗೂಲಿಯವರನ್ನೂ ಕೇಳಲೇಬೇಕು ಎಂದು ಕೋರ್ಟು ಹೇಳಿದೆಯೆಂದು ಜೋರಾಗಿ ಹೇಳಿದ. ಅವಳು ಒಳ್ಳೇದಾತು ಬಿಡಿ ಎಂದು ಮತ್ತೆ ಕಲ್ಲು ಹುಡುಕಿದಳು.

ಆಗ ಅವನಿಗೆ ಹೊಳೆಯಿತು. ಇಲಾಖೆ ಕೇಳಿರಲಿಲ್ಲ, ಕೋರ್ಟು ಕೇಳಿರಲಿಲ್ಲ, ಸರಿ. ತಾನೂ ಕೇಳಿರಲಿಲ್ಲ. ಅವಳು ಹೇಳಬಂದಾಗ ಕೈ ಅಡ್ಡ ಹಿಡಿದವನು ತಾನೇ. ಅವನು ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತ.

“ದುರುಗಮ್ಮ, ಅವತ್ತು ಏನಾಯ್ತು? ಹೇಳಮ್ಮ, ನಾನು ಕೇಳ್ತೀನಿ.”

ಅವಳ ಕೈ ಮೊರದಲ್ಲೇ ನಿಂತಿತು.

“ಯಾರಾರ ಕೇಳಿದ್ರೆ ಹೇಳಾನ ಅಂತ ದಿನಾ ಮನಸ್ನಾಗೆ ಹೇಳ್ಕಂತಿದ್ದೆ ಸಾಮಿ. ಸುಮಾರು ವರ್ಷ ಹೇಳ್ಕಂಡೆ,” ಎಂದಳು. “ಈಗ ಮರ್ತೋಗೈತೆ.”

ಅವನು ನನ್ನನ್ನು ವಾಪಸು ಒಯ್ಯಲಿಲ್ಲ. ಮರೆತನೋ, ಬೇಡವೆನಿಸಿತೋ ತಿಳಿಯದು. ಈಗ ಅವಳ ಅಡುಗೆಮನೆಯ ಮೂಲೆಯಲ್ಲಿ ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಭಾರಕ್ಕೆ ನಾನಿದ್ದೇನೆ. ಕೇಳಬೇಕು ಎಂದು ಎರಡು ಸಾಲು ಹೊತ್ತು ತಿರುಗಿದೆನೇ ಹೊರತು, ಕೇಳುವುದು ನನಗೂ ಬರಲಿಲ್ಲ. ಇಲಿ ಬಾರದಂತೆ ಕಾಯುವುದು ಬರುತ್ತದೆ, ಅದನ್ನು ಮಾಡುತ್ತಿದ್ದೇನೆ.