ಏಳು ಗಂಟೆಯ ಹಾರ

ಧಾರಾವಾಹಿ ಮಾಡುವವರಿಗೆ ಮಾನ, ಮರ್ಯಾದೆ ಎರಡೂ ಕಡಿಮೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ಹಾಸನದ ಕೃಷ್ಣಪ್ಪ. ಆ ಮಾತಿಗೆ ಎದುರಾಡುವ ಮುಖ ನನಗಿಲ್ಲ. ನಾಟಕದವರಿಗೆ ಕುರ್ಚಿ, ಶಾಮಿಯಾನ ಬಾಡಿಗೆ ಕೊಡುತ್ತಿದ್ದವನು ತೊಂಬತ್ತೊಂಬತ್ತರಲ್ಲಿ ದಿನವೂ ಸಂಜೆ ಏಳಕ್ಕೆ ಬರುವ ಧಾರಾವಾಹಿಯೊಂದರ ನಿರ್ಮಾಪಕನಾದೆ. ಕೊರವಂಗಲದಲ್ಲಿ ಒಂದು ಹಳೆಯ ಮನೆ ಹಿಡಿದು ಶೂಟಿಂಗ್ ಶುರು ಮಾಡಿದೆವು.

ಕಥೆ ಸತ್ತ ತಾಯಿಯೊಬ್ಬಳದು. ನಡುಮನೆಯ ಗೋಡೆಗೆ ಅವಳ ಫೋಟೋ ಬೇಕು, ಅದಕ್ಕೊಂದು ಹಾರ. ಬದುಕಿರುವ ಯಾವ ನಟಿ ತನ್ನ ಫೋಟೋಗೆ ಹಾರ ಹಾಕಿಸಿಕೊಳ್ಳುತ್ತಾಳೆ? ಕೇಳಿದವರೆಲ್ಲ ಬೈದು ಕಳಿಸಿದರು. ಹಾಗಾದರೆ ನಿಜವಾಗಿ ಸತ್ತವರದ್ದೇ ತಂದರಾಯಿತು ಎಂದು ಹೊಳೆನರಸೀಪುರದ ಸ್ಟುಡಿಯೋ ಚಂದ್ರಶೇಖರಯ್ಯನವರ ಹತ್ತಿರ ಹೋದೆ. ಅವರು ಬೀರುವಿನಿಂದ ಒಂದು ಫೋಟೋ ತೆಗೆದುಕೊಟ್ಟರು. ದುಂಡು ಮುಖ, ಅಗಲ ಕುಂಕುಮ, ನೋಟ ಮಾತ್ರ ನಮ್ಮ ತಲೆಯಿಂದ ಒಂದು ಗೇಣು ಮೇಲೆ. ಅರ್ಚಕರ ಮಗಳಂತೆ, ಹೋಗಿ ಹತ್ತು ವರ್ಷವಾಯಿತಂತೆ, ವೈಕುಂಠ ಸಮಾರಾಧನೆಗೆ ತಾವೇ ಹೋಗಿ ಉಂಡು ಬಂದಿದ್ದರಂತೆ. ಇನ್ನೇನು ಬೇಕು? ತಂದು ನೇತುಹಾಕಿದೆ.

ಫೋಟೋ ಬಂದ ಮೇಲೆ ಧಾರಾವಾಹಿ ಕುದುರಿತು. ಸೆಟ್ಟಿನ ಸಾಮಾನು ನೋಡಿಕೊಳ್ಳುವ ಬೋರಪ್ಪ ದಿನಾ ಬೆಳಿಗ್ಗೆ ಹೊಸ ಹಾರ ಹಾಕಿ, ದೀಪ ಹಚ್ಚಿ, ಫೋಟೋದ ಬಲಗಡೆ ಹೂವು ಬಿದ್ದರೆ ಮಾತ್ರ ಮೊದಲ ಶಾಟ್ ತೆಗೆಯಬೇಕು ಎನ್ನತೊಡಗಿದ. ಹೂವು ಬೀಳದ ದಿನ ಕ್ಯಾಮೆರಾ ಕೈಕೊಡುತ್ತಿತ್ತು. ಮೊದಲು ಅವನಿಗೆ ಬೈದೆ. ಆಮೇಲೆ ಎಲ್ಲರಿಗಿಂತ ಮುಂಚೆ ನಾನೇ ಬಂದು ಕೈಮುಗಿದು ನಿಲ್ಲತೊಡಗಿದೆ.

ಎರಡು ಸಾವಿರದ ಒಂದರಲ್ಲಿ, ಒಂದು ಮಧ್ಯಾಹ್ನ, ಊಟದ ಹೊತ್ತಿಗೆ ಆಕೆ ಬಾಗಿಲಲ್ಲಿ ನಿಂತಿದ್ದರು. ಅದೇ ದುಂಡು ಮುಖ, ಕೂದಲು ಮಾತ್ರ ಅಲ್ಲಲ್ಲಿ ನರೆತಿತ್ತು. ಕೂತಿದ್ದವರೆಲ್ಲ ಎದ್ದು ನಿಂತರು. ಹೆಸರು ಕನಕಲಕ್ಷ್ಮಿ ಎಂದರು.

ಗಂಡನ ಮನೆ ಬಿಟ್ಟು ಬಂದದ್ದಕ್ಕೆ, ಮಗಳು ಬದುಕಿರುವಾಗಲೇ ಅಪ್ಪ ಆಕೆಯ ಕರ್ಮ ಮುಗಿಸಿ ಊರಿಗೆಲ್ಲ ಊಟ ಹಾಕಿದ್ದರು. ಚಂದ್ರಶೇಖರಯ್ಯ ಉಂಡದ್ದು ಅದನ್ನೇ. ಅಂದಿನಿಂದ ಆಕೆ ಚನ್ನರಾಯಪಟ್ಟಣದಲ್ಲಿ ಬಟ್ಟೆ ಹೊಲಿದುಕೊಂಡಿದ್ದರು. ಧಾರಾವಾಹಿ ಶುರುವಾದಾಗ ಬೀದಿಯ ಹೆಂಗಸರು ನಕ್ಕರಂತೆ. ಆಮೇಲೆ ಮದುವೆಯ ರವಿಕೆ ಹೊಲಿಯಲು ಕೊಡುವುದನ್ನು ನಿಲ್ಲಿಸಿದರಂತೆ. ಈಗ ಎದುರಾದರೆ ಕೈಮುಗಿದು ಪಕ್ಕಕ್ಕೆ ಸರಿಯುತ್ತಾರೆ, ಹೊಸಿಲಿನಲ್ಲಿ ಯಾರೋ ದೀಪ ಇಟ್ಟು ಹೋಗುತ್ತಾರೆ ಎಂದರು.

“ನಮ್ಮಪ್ಪ ಒಂದೇ ಸಲ ಮಾಡಿದ್ರು. ನೀವು ದಿನಾ ಸಾಯಂಕಾಲ ಏಳು ಗಂಟೆಗೆ ಮಾಡ್ತಿದೀರ. ಊಟ ಆಯ್ತಾ ಅಂತ ನನ್ನನ್ನ ಯಾರಾದ್ರೂ ಕೇಳಿ ಒಂದು ವರ್ಷ ಆಯ್ತು. ಆ ಹಾರ ತೆಗೆಸಿಬಿಡಿ, ಅಷ್ಟೇ ಸಾಕು.”

ನನಗೆ ನಾಚಿಕೆಯಾಯಿತು. ಮುಂದಿನ ವಾರವೇ ಫೋಟೋ ಬದಲಿಸುತ್ತೇನೆ, ಊಟ ಮಾಡಿಕೊಂಡೇ ಹೋಗಬೇಕು ಎಂದೆ.

ಬೋರಪ್ಪ ನಡುಮನೆಯಲ್ಲಿ, ಫೋಟೋದ ಕೆಳಗೇ ಎಲೆ ಹಾಕಿದ. ಅನ್ನ, ಸಾರು, ಪಲ್ಯ, ಪಾಯಸ ಎಲ್ಲವನ್ನೂ ಒಂದೇ ಸಲ ಬಡಿಸಿ ಪಕ್ಕದಲ್ಲಿ ದೀಪ ಇಟ್ಟ. ಜನ ಕೈಮುಗಿದು ಒಬ್ಬೊಬ್ಬರಾಗಿ ಆಚೆ ಹೋದರು. ನಾನೂ ಹೋದೆ. ಬಾಗಿಲು ಎಳೆದವನು ನಾನೇ. ಹದಿನೆಂಟು ಜನ ಜಗಲಿಯಲ್ಲಿ ಕೂತಾಗ ನನಗೆ ಹೊಳೆಯಿತು. ಪಿತೃಪಕ್ಷದಲ್ಲಿ ನಮ್ಮ ಮನೆಗಳಲ್ಲಿ ಮಾಡುವುದು ಇದನ್ನೇ. ಹಿರಿಯರ ಫೋಟೋ ಮುಂದೆ ಎಡೆ ಇಟ್ಟು, ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಹಾಕಿಕೊಂಡು ಆಚೆ ಕೂರುತ್ತೇವೆ. ಆಮೇಲೆ ಕೆಮ್ಮಿ, ಬಾಗಿಲು ತೆಗೆಯುತ್ತೇವೆ. ಹಾಗೆ ಮಾಡಿ ಎಂದು ಅವತ್ತು ಯಾರೂ ಯಾರಿಗೂ ಹೇಳಿರಲಿಲ್ಲ.

ಎದ್ದು ಒಳಗೆ ಹೋಗಬೇಕು ಅನ್ನಿಸಿತು, ಹೋಗಲಿಲ್ಲ. ಭಯವಾಗಿತ್ತು. ಕೊನೆಗೆ ಬೋರಪ್ಪ ಮೂರು ಸಲ ಕೆಮ್ಮಿ ಬಾಗಿಲು ತೆಗೆದ. ಆಕೆ ಎಲೆಯ ಮುಂದೆ ಹಾಗೇ ಕೂತಿದ್ದರು. ಒಂದು ಅಗುಳನ್ನೂ ಮುಟ್ಟಿರಲಿಲ್ಲ.

“ಒಬ್ರಾದ್ರೂ ಜೊತೇಲಿ ಕೂತ್ಕೋಬಹುದಿತ್ತು,” ಎಂದು ಎದ್ದು ಹೋದರು.

ಮಾರನೆಯ ಬೆಳಿಗ್ಗೆ ಹಾರ ತೆಗೆಯಲು ಕೈ ಚಾಚಿದೆ. ನಾನಿನ್ನೂ ಮುಟ್ಟಿರಲಿಲ್ಲ, ಬಲಗಡೆಯಿಂದ ಒಂದು ಹೂವು ಬಿತ್ತು. “ಇಲ್ಲೇ ಇರಾಕೆ ಒಪ್ಕಂಡವ್ರೆ ಕಣ್ ಸಾ ತಾಯಿ,” ಎಂದ ಬೋರಪ್ಪ. ಹಾಗೆ ನಂಬುವುದು ನನಗೂ ಅನುಕೂಲವಾಗಿತ್ತು. ಧಾರಾವಾಹಿ ಚೆನ್ನಾಗಿ ಓಡುತ್ತಿತ್ತು. ಹಾರ ಇನ್ನೆರಡು ವರ್ಷ ಅಲ್ಲೇ ಉಳಿಯಿತು.

ಕೊನೆಯ ಕಂತು ಪ್ರಸಾರವಾದ ವಾರ ಫೋಟೋ ಇಳಿಸಿ, ಒರೆಸಿ, ಚೀಲದಲ್ಲಿಟ್ಟುಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ. ಕೈಯಾರೆ ಕೊಟ್ಟು ತಪ್ಪಾಯಿತು ಅನ್ನಬೇಕಿತ್ತು. ಆಕೆಯ ಬಾಡಿಗೆ ಕೋಣೆಯ ಮುಂದೆ ಮನೆಯೊಡತಿ, ಚಿಕ್ಕಮ್ಮ ಅಂತ ಹೆಸರು, ಬಡಿಸಿದ ಎಲೆಯನ್ನು ತಟ್ಟೆಯ ಮೇಲಿಟ್ಟುಕೊಂಡು ನಿಂತಿದ್ದಳು. ವಿಷಯ ಹೇಳಿದೆ.

“ಮುಂದ್ಗಡೆ ಯಾರಾನಾ ಇದ್ರೆ ಉಣ್ಣಾಕಿಲ್ಲ ಸಾ,” ಎಂದಳು ಮೆಲ್ಲಗೆ. “ಎಡೆ ಇಕ್ಕಿ, ಬಾಗ್ಲು ಎಳ್ಕಂಡು ಬಂದ್ರೇನೇ ಉಣ್ಣದು. ಒಂದೊರ್ಸ ಆಯ್ತು.”

ಎಲೆಯನ್ನು ನಾನೇ ಒಳಗೆ ಒಯ್ದೆ. ಹೊಲಿಗೆ ಯಂತ್ರದ ಮೇಲೆ ಧೂಳು ಕೂತಿತ್ತು. ಆಕೆ ಗೋಡೆಗೆ ಒರಗಿ ನೆಟ್ಟಗೆ ಕೂತಿದ್ದರು.

“ಊಟ ಆಯ್ತಾ, ಕನಕಲಕ್ಷ್ಮಮ್ಮ?” ಎಂದೆ.

ನನ್ನ ತಲೆಯಿಂದ ಒಂದು ಗೇಣು ಮೇಲೆ ನೋಡಿದರು.

ಎಲೆ ಇಟ್ಟು, ಹಟ ಹಿಡಿದು ಎದುರಿಗೇ ಕೂತೆ. ಅಂದು ಕೂರಬೇಕಿತ್ತು, ಇಂದಾದರೂ ಕೂರುತ್ತೇನೆ ಅಂದುಕೊಂಡೆ. ಅನ್ನದ ಹಬೆ ಆರಿತು. ಆಕೆಯ ಕೈ ಎಲೆಯ ಅಂಚಿನವರೆಗೆ ಬಂದು ನಿಂತಿತ್ತು; ಹಸಿವಾಗಿತ್ತು, ಆದರೂ ತುತ್ತು ಎತ್ತಲಿಲ್ಲ. ಅರ್ಧ ಗಂಟೆ ಕಳೆಯಿತು. ನನಗೆ ನೋಡಲಾಗಲಿಲ್ಲ. ಎದ್ದು ಬಂದು ಬಾಗಿಲು ಎಳೆದೆ.

ಒಳಗೆ ಲೋಟ ಕೆಳಗಿಟ್ಟ ಸದ್ದಾಯಿತು. ಚಿಕ್ಕಮ್ಮ ನನ್ನ ಮುಖ ನೋಡಿದಳು. ಫೋಟೋ ಚೀಲದಲ್ಲೇ ಉಳಿಯಿತು. ಇಬ್ಬರೂ ಜಗಲಿಯ ಮೇಲೆ ಕೂತೆವು, ಬಹಳ ಹೊತ್ತಾದ ಮೇಲೆ ನಾನೇ ಕೆಮ್ಮಿದೆ.