ಒಟ್ಟಿಗೆ ತಿರುಗಿದ ಎರಡು ಹಾಳೆ

ಮಹಾ ಸಂಗೀತರಚನಕಾರ ಹಾಲ್‌ಬಾವರ್ ನನಗೆ ಬರೆದ ಕಾಗದಗಳನ್ನು ಒಂದರ ಮೇಲೊಂದು ಪೇರಿಸಿದರೆ ಸ್ಟೆಫಾನ್ ಚರ್ಚಿನ ಗೋಪುರ ಅವುಗಳ ಮೊಣಕಾಲಿಗೂ ಬರುತ್ತಿರಲಿಲ್ಲ. ನನ್ನೊಬ್ಬನ ಟಪಾಲು ಹೊತ್ತು ವಿಯೆನ್ನಾದ ಮೂವರು ಅಂಚೆಯವರು ಗೂನರಾದರು. ನಾನು, ವೆನ್ಜೆಲ್ ಪ್ರೊಹಾಸ್ಕ, ಪತ್ರಿಕೆಯಲ್ಲಿ ಒಂದು ಸಂಗೀತ ಕಛೇರಿಯನ್ನು ಹೊಗಳಿದರೆ ಮರುದಿನ ಊರಿನ ಪಿಟೀಲುಗಳೆಲ್ಲ ತಾವಾಗಿಯೇ ಶ್ರುತಿಗೂಡುತ್ತಿದ್ದವು.

ಇಷ್ಟಿದ್ದರೂ ಒಂದು ಸಣ್ಣ ವ್ಯತ್ಯಾಸವಿತ್ತು. ನನಗೆ ಬರುತ್ತಿದ್ದುದು ಅಂಚೆ ಕಾರ್ಡು. ಎದುರು ಪತ್ರಿಕೆಯ ವಿಮರ್ಶಕ ಡಾಕ್ಟರ್ ಲೋರೆನ್‌ಗೆ ಬರುತ್ತಿದ್ದುದು ಲಕೋಟೆ. ಇಬ್ಬರ ಟಪಾಲೂ ಒಂದೇ ಕಾಫಿಮನೆಗೆ ಬರುತ್ತಿತ್ತು. ನನ್ನನ್ನು ಪ್ರೊಫೆಸರ್ ಎಂದೇ ಕರೆಯುತ್ತಿದ್ದ ಮಾಣಿ ಅಲೋಯಿಸ್ ನನ್ನ ಕಾರ್ಡನ್ನು ಓದಿಕೊಂಡೇ ತರುತ್ತಿದ್ದ.

"ಪ್ರೊಫೆಸರ್ ಸಾಹೇಬ್ರೇ, ನಿಮ್ಮ ಲೇಖನ ತಲುಪ್ತು ಅಂದಿದಾರೆ ಹಾಲ್‌ಬಾವರ್ ಮೇಷ್ಟ್ರು. ಅಷ್ಟೇ. ನೀವು ಓದೋ ಶ್ರಮ ತಗೋಬೇಡಿ."

ಲೋರೆನ್‌ನ ಲಕೋಟೆ ಮಾತ್ರ ಬೆಳ್ಳಿ ತಟ್ಟೆಯ ಮೇಲೆ, ನೀರಿನ ಲೋಟದ ಪಕ್ಕದಲ್ಲಿ ಬರುತ್ತಿತ್ತು. ಕೆಂಪು ಅರಗು, ಒಳಗೆ ಎಂಟೆಂಟು ಪುಟ. ಓದುತ್ತ ಓದುತ್ತ ಅವನು ತನ್ನಷ್ಟಕ್ಕೆ ನಗುತ್ತಿದ್ದ. ಆ ನಗೆ ಕಂಡು ನನ್ನ ಹೊಟ್ಟೆಯಲ್ಲಿ ಎದ್ದ ಉರಿಯಲ್ಲಿ ಇಡೀ ಕಾಫಿಮನೆಗೆ ಹಾಲು ಕಾಯಿಸಬಹುದಿತ್ತು.

ಆ ವಸಂತದಲ್ಲಿ ಕಾರ್ಡು ಬಂತು: 'ಗುರುವಾರ ಸಂಜೆ ಬಾ. ಹೊಸ ಸಿಂಫನಿ.' ಹೊಸ ಕೃತಿಯನ್ನು ವಾದ್ಯವೃಂದಕ್ಕೆ ಕೊಡುವ ಮೊದಲು ಮೇಷ್ಟ್ರು ಅದನ್ನು ಮನೆಯ ಪಿಯಾನೋದಲ್ಲಿ, ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು, ನಾಲ್ಕು ಕೈಯಲ್ಲಿ ನುಡಿಸಿ ನೋಡುತ್ತಿದ್ದರು. ಆ ಪಕ್ಕದ ಜಾಗ ನನ್ನದೇ ಎಂದು ಉಗುರು ಕತ್ತರಿಸಿಕೊಂಡು ಹೋದೆ. ಲೋರೆನ್ ಆಗಲೇ ಅಲ್ಲಿ ಕೂತಿದ್ದ.

"ಬಾರಯ್ಯಾ ಪ್ರೊಹಾಸ್ಕ," ಎಂದರು ಮೇಷ್ಟ್ರು. "ಡಾಕ್ಟ್ರು ತಲೆ ಆಡಿಸ್ದಾಗೆಲ್ಲ ನೀನು ಹಾಳೆ ತಿರುವು."

ಹಾಳೆ ತಿರುವುವ ಕೆಲಸ! ಸಿಂಹಕ್ಕೆ ಬಾಗಿಲು ಕಾಯಲು ಹೇಳಿದಂತೆ. ತಿರುವಿದೆ. ಮೂರನೇ ಭಾಗದ ನಡುವೆ ಲೋರೆನ್ ತಲೆಯಾಡಿಸಿದಾಗ ನನ್ನ ಕೈಗೆ ಏನು ತೋಚಿತೋ, ಎರಡು ಹಾಳೆಯನ್ನು ಒಟ್ಟಿಗೆ ತಿರುವಿಬಿಟ್ಟಿತು.

ಲೋರೆನ್ ನಿಲ್ಲಲಿಲ್ಲ. ಕಂಡ ಪುಟದಿಂದಲೇ ನುಡಿಸುತ್ತ ಹೋದ. ಮೇಷ್ಟ್ರ ಕೈ ಒಂದು ಕ್ಷಣ ತಡವರಿಸಿ ಅವನನ್ನು ಹಿಡಿದುಕೊಂಡಿತು. ಎಲ್ಲ ಮುಗಿದ ಮೇಲೆ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಎರಡು ಹಾಳೆ ಹೋಯ್ತಲ್ಲಯ್ಯಾ?"

"ಡಾಕ್ಟ್ರು ಎರಡು ಸಲ ತಲೆ ಆಡಿಸಿದ್ರು," ಎಂದೆ. ಲೋರೆನ್ ನಗುತ್ತ ಪಿಯಾನೋ ಮುಚ್ಚಿದ.

ವಾರ ಕಳೆದು ನನಗೂ ಲಕೋಟೆ ಬಂತು. ಬೆಳ್ಳಿ ತಟ್ಟೆ! ಕೆಂಪು ಅರಗು! ಪಕ್ಕದ ಮೇಜಿನ ಲೋರೆನ್‌ಗೆ ಕೇಳಿಸಲೆಂದು ಎದ್ದು ನಿಂತು ಗಟ್ಟಿಯಾಗಿ ಓದಿದೆ: 'ನಡುವಿನ ಆ ಎರಡು ಪುಟ ಬಿಟ್ಟುಹೋದದ್ದರಿಂದ ನನ್ನ ಸಿಂಫನಿ ಬದುಕಿತು. ಅವನ್ನು ಹೊಡೆದುಹಾಕಿದ್ದೇನೆ.' ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಂಡೆ. 'ಆ ಭಾಗ ಉದ್ದವಾಯಿತೆಂದು ಹಸ್ತಪ್ರತಿ ನೋಡಿ ಲೋರೆನ್ ಮೊದಲೇ ಬರೆದಿದ್ದ, ನಾನು ಕೇಳಿರಲಿಲ್ಲ. ಈಗ ತಲೆಯಾಡಿಸಿಯೇ ತೋರಿಸಿಕೊಟ್ಟ. ಕೃತಿಯನ್ನು ಅವನಿಗೇ ಅರ್ಪಿಸಬೇಕೆಂದಿದ್ದೇನೆ. ಅವನನ್ನು ಕೇಳಿದರೆ ಬರೀ ನಗುತ್ತಾನೆ. ಎರಡು ಸಲ ತಲೆಯಾಡಿಸಿದ್ದು ನಿಜ ತಾನೇ? ಮರುಟಪಾಲಿಗೆ ತಿಳಿಸು.'

ನನ್ನ ಸುಳ್ಳು ಅವನ ಮುಡಿಗೆ ಹೂವಾಗಿತ್ತು.

"ಯಾಕೆ ನಿಂತುಬಿಟ್ರಿ ಪ್ರೊಫೆಸರ್ರೇ?" ಎಂದ ಅಲೋಯಿಸ್, ನನ್ನ ಭುಜದ ಮೇಲಿಂದ ಇಣುಕುತ್ತ. "ಸಿಂಫನೀನ ಡಾಕ್ಟ್ರಿಗೆ ಅರ್ಪಿಸ್ತಾರಂತಲ್ಲ, ಅದನ್ನೂ ಓದಿ!"

"ತಿರುವಿದ್ದು ನಾನು!" ಎಂದು ಕೂಗಿದೆ. "ಯಾರೂ ಎರಡು ಸಲ ತಲೆ ಆಡಿಸ್ಲಿಲ್ಲ. ಆ ಎರಡು ಪುಟ ಬೇಡ ಅಂತ ಕಂಡ್ಕೊಂಡಿದ್ದು ನಾನು. ಅರ್ಪಣೆ ನನಗೇ ಸಲ್ಲಬೇಕು!"

ಲೋರೆನ್ ಸಕ್ಕರೆ ಕಲಕುತ್ತಲೇ ಹೇಳಿದ: "ಆಗ್ಲಿ ಪ್ರೊಹಾಸ್ಕ ಅವ್ರೇ, ನಾನೇ ಮೇಷ್ಟ್ರಿಗೆ ಬರೀತೀನಿ. ಆದ್ರೆ ಅವರು ಕೇಳೇ ಕೇಳ್ತಾರೆ, ಅಲ್ಲೀತನಕ ನುಡಿಸಿದ್ರಲ್ಲಿ ಏನು ಕೇಳಿ ನಿಮಗೆ ಇನ್ನು ಸಾಕು ಅನ್ನಿಸ್ತು ಅಂತ. ಹಾಳೆ ತಿರುವೋಕೆ ಮುಂಚೆ ನುಡೀತಿತ್ತಲ್ಲ, ಅದನ್ನ ಒಂಚೂರು ಗುನುಗಿ ನೋಡೋಣ."

ಬಾಯಿ ತೆರೆದೆ. ಮೂವತ್ತು ವರ್ಷ ವಿಯೆನ್ನಾದ ಕಿವಿಯಾಗಿದ್ದವನ ಬಾಯಿಂದ ಒಂದು ಸ್ವರವೂ ಹೊರಡಲಿಲ್ಲ.

"ಕೆಮ್ಮಾದ್ರೂ ಕೆಮ್ಮಿ," ಎಂದ ಅಲೋಯಿಸ್.

"ಕೇಳಿಸ್ಕೊಂಡಿಲ್ಲ ಡಾಕ್ಟ್ರೇ," ಎಂದೆ ಕೊನೆಗೆ. "ಅವತ್ತು ಒಂದು ಸ್ವರಾನೂ ನನ್ನ ಕಿವಿಗೆ ಬೀಳ್ಲಿಲ್ಲ. ನುಡಿಸ್ತಾ ನುಡಿಸ್ತಾ ನಿಮ್ಮ ಮೊಣಕೈ ಮೇಷ್ಟ್ರ ಮೊಣಕೈಗೆ ತಾಗ್ತಿತ್ತು. ನಾನು ಅದನ್ನೇ ನೋಡ್ತಾ ನಿಂತಿದ್ದೆ. ನೀವು ಅವರ ಮುಂದೆ ಎಡವಿ ಬೀಳ್ಲಿ ಅಂತ ತಿರುವಿದೆ, ಅಷ್ಟೇ."