ಎಂಟು ಗೀರುಗಳು

ನಾನು ಮೂವತ್ತೊಂದು ವರ್ಷ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ಆಗಿದ್ದವನು. ಅಂಗಡಿಯವರು ನನಗಿಟ್ಟ ಹೆಸರು ‘ಅನುಮಾನದಪ್ಪ’. ಮೊಸರಲ್ಲಿ ಕಲ್ಲು ಹುಡುಕುವವನು ಎಂದು ಬೈದವರೂ ಉಂಟು. ಎಷ್ಟೋ ಸಲ ಕಲ್ಲು ಸಿಕ್ಕಿದೆ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಹೆಂಡತಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪೊರೆ ತೆಗೆದು ಒಳಗೊಂದು ಲೆನ್ಸ್ ಕೂರಿಸಬೇಕು. ಎಷ್ಟು ನಂಬರಿನದೆಂದು ಯಂತ್ರ ಮೊದಲೇ ಅಳೆದು ಹೇಳುತ್ತದೆ. ಅದು ತಪ್ಪಿದರೆ ಮತ್ತೆ ಕಣ್ಣು ಕೊಯ್ಯಬೇಕಾಗಬಹುದು, ಅದು ಸುಲಭವಲ್ಲ ಎಂದು ವೈದ್ಯೆ ಎಚ್ಚರಿಸಿದ್ದರು. ಅವತ್ತು ಯಂತ್ರ ಮೂರು ಸಲಕ್ಕೆ ಮೂರು ಲೆಕ್ಕ ಕೊಟ್ಟಿತು.

“ಅಂಗಡಿ ತಕ್ಕಡಿ ಹೀಗೆ ಮಾಡಿದ್ರೆ ಬಾಗಿಲಿಗೆ ಸೀಲ್ ಹಾಕ್ತಿದ್ದೆ, ಮೇಡಂ,” ಅಂದೆ.

ವೈದ್ಯೆ ನಗಲಿಲ್ಲ. ಹೆಂಡತಿಯ ಗದ್ದವನ್ನು ಯಂತ್ರದ ಪಟ್ಟಿಯ ಮೇಲೆ ಇರಿಸಿ, ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

“ಹಿಂದೆ ಯಾವಾಗಾದ್ರೂ ಕಣ್ಣಿಗೆ ಆಪರೇಷನ್ ಆಗಿತ್ತೇನಮ್ಮ?”

“ಇಲ್ಲ,” ಅಂದಳು.

“ಇಲ್ಲ,” ಎಂದು ನಾನೂ ಸೇರಿಸಿದೆ. ಮದುವೆಯಾಗಿ ಮೂವತ್ತೆಂಟು ವರ್ಷ. ನನಗೆ ಗೊತ್ತಿಲ್ಲದೆ ಅವಳಿಗೆ ನೆಗಡಿ ಕೂಡ ಬಂದಿಲ್ಲ.

“ಸರ್, ಐದು ನಿಮಿಷ ಹೊರಗೆ ಕೂತಿರ್ತೀರಾ?”

ಗೊತ್ತಾಯಿತು. ನಾನಿಲ್ಲದಾಗ ದುಬಾರಿ ಲೆನ್ಸ್ ಒಂದನ್ನು ಇವಳ ತಲೆಗೆ ಕಟ್ಟುವ ಹುನ್ನಾರ. “ಏನೇ ಇದ್ರೂ ನನ್ನ ಮುಂದೇನೇ ಹೇಳಿ,” ಎಂದು ಕುರ್ಚಿ ಎಳೆದುಕೊಂಡು ಕೂತೆ.

ವೈದ್ಯೆ ನನ್ನ ಹೆಂಡತಿಯನ್ನು ನೋಡಿದರು. ಅವಳು ನೆಲ ನೋಡುತ್ತಿದ್ದಳು. ಆಗ ನನ್ನ ಅನುಮಾನ ವೈದ್ಯೆಯನ್ನು ಬಿಟ್ಟು ಅವಳ ಕಡೆ ತಿರುಗಿತು.

“ಏನೇ ಅದು?”

“ಅವರಿಗೆ ತೋರಿಸಿಬಿಡಿ, ಡಾಕ್ಟ್ರೇ. ಬಾಯಲ್ಲಿ ಹೇಳಿದ್ರೆ ನಂಬೋರಲ್ಲ,” ಅಂದಳು.

ಪರದೆಯ ಮೇಲೆ ಅವಳ ಕಣ್ಣು ತಟ್ಟೆಯಗಲ ಕಾಣಿಸಿತು. ಕಣ್ಣಪಾಪೆಯ ಸುತ್ತ ಎಂಟು ಸಣ್ಣ ಬಿಳಿ ಗೀರುಗಳು, ಸೈಕಲ್ ಚಕ್ರದ ಕಡ್ಡಿಗಳ ಹಾಗೆ.

“ಲೇಸರ್ ಬರೋಕ್ಕೆ ಮುಂಚೆ ಹೀಗೆ ಮಾಡ್ತಿದ್ರು,” ವೈದ್ಯೆ ಹೇಳಿದರು. “ವಜ್ರದ ಅಲಗಿನ ಚಾಕುವಿಂದ ಗೀರಿದ್ರೆ ಕಣ್ಣಿನ ಮುಂಭಾಗ ಚಪ್ಪಟೆಯಾಗಿ ಕನ್ನಡಕ ಬಿಡಬಹುದಿತ್ತು. ಆದ್ರೆ ಕೆಲವರಿಗೆ ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ ಕಾಣುತ್ತೆ. ಯಂತ್ರಾನೂ ಮೋಸ ಹೋಗುತ್ತೆ.”

ಸಂಜೆ ಹೊತ್ತು ಬಸ್ ನಿಲ್ದಾಣದಲ್ಲಿ ಇವಳು ನನ್ನ ತಂಗಿಯನ್ನು ಕಂಡೂ ಕಾಣದ ಹಾಗೆ ಹೋಗುತ್ತಿದ್ದಳು. ಜಂಬ, ಅಂದಿದ್ದಳು ತಂಗಿ. ನಾನು ಇವಳ ಹತ್ತಿರ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದೆ. ಅದು ಜಂಬವಲ್ಲ, ಕಣ್ಣಿನ ತೊಂದರೆ ಎಂದು ಈಗ ತಿಳಿಯಿತು. ಆದರೂ ಆ ಕ್ಷಣಕ್ಕೆ ಬಂದದ್ದು ಸಿಟ್ಟೇ.

“ಇಷ್ಟು ವರ್ಷ ಕಣ್ಣಿಗೆ ಮಣ್ಣೆರಚಿದೆಯಲ್ಲ! ಯಾರಿಗೆ ಹೆದರ್ಕೊಂಡು ಮಾಡಿಸ್ಕೊಂಡೆ?”

“ನಿಮಗೆ. ಹೆಣ್ಣು ನೋಡೋಕೆ ಬರೋ ಮುಂಚೇನೇ, ಸೋಡಾಬುಡ್ಡಿ ಹುಡುಗಿ ಬೇಡ ಅಂತ ನಮ್ಮ ಚಿಕ್ಕಪ್ಪನ ಹತ್ರ ಹೇಳಿ ಕಳಿಸಿದ್ರಲ್ಲ.”

ಹೇಳಿ ಕಳಿಸಿದ್ದು ನಿಜ. ಗೆಳೆಯರ ಮುಂದೆ ನಗುತ್ತಾ ಹೇಳಿದ್ದೆ.

“ಆಗಿನ ಕನ್ನಡಕದ ನಂಬರ್ ಗೊತ್ತಿದ್ರೆ ಲೆಕ್ಕ ಸರಿ ಮಾಡೋಕೆ ಸಹಾಯ ಆಗುತ್ತೆ,” ಅಂದರು ವೈದ್ಯೆ. “ನೆನಪಿದ್ಯಾ?”

ನೆನಪಿತ್ತು. ಅವಳು ಪೆನ್ನು ಇಸಿದುಕೊಂಡು, ಬಗ್ಗಿ ಹಾಳೆಯ ಮೇಲೆ ಬರೆದಳು. ಬರೆದು, ನನಗೆ ಕಾಣಿಸಬಾರದೆಂದು ಅದರ ಮೇಲೆ ಅಂಗೈ ಮುಚ್ಚಿದಳು.